ನಾಲ್ಕು ತಾಲೂಕಿನ ಹಾದಿಯೂ ಜೇಬಿನ ಚಾಕುವೂ

ನಮ್ಮ ಮನೆಗಳಲ್ಲಿ ಅಲಗುಳ್ಳ ಸಾಮಾನುಗಳಿಗೆ ಕೊರತೆಯಿಲ್ಲ. ಅಡಿಗೆಯ ಮನೆಯಲ್ಲಿ ಈಳಿಗೆ, ಎಲೆಯಡಕೆಯ ತಟ್ಟೆಯಲ್ಲಿ ಅಡಕೊತ್ತು, ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ ಕುಡಗೋಲು, ಹಿತ್ತಲಲ್ಲಿ ಕೊಡಲಿ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಅಲಗು ತನ್ನ ತನ್ನ ಸ್ಥಳದಲ್ಲಿ ಕುಳಿತಿರುವದು. ಆದರೆ ಹೊಸ್ತಿಲು ದಾಟಿ ನಾಲ್ಕು ದಿನದ ಪ್ರವಾಸಕ್ಕೆ ಹೊರಟ ಗೃಹಸ್ಥನ ಸಂಗಡ ಇವುಗಳಲ್ಲಿ ಒಂದೂ ಬರುವದಿಲ್ಲ. ಹಾದಿಯಲ್ಲಿ ಹಣ್ಣು ಕೊಯ್ಯಬೇಕಾದಾಗ ಹಲ್ಲನ್ನೂ, ಗಂಟು ಬಿಚ್ಚಬೇಕಾದಾಗ ಉಗುರನ್ನೂ, ಡಬ್ಬಿಯ ಮುಚ್ಚಳ ತೆಗೆಯಬೇಕಾದಾಗ ಪಕ್ಕದವರ ಕೀಲಿಕೈಯನ್ನೂ ನಂಬಿಕೊಂಡು ನಾವು ತಿರುಗುವೆವು.

ಇಂಥ ಸಮಯಕ್ಕೆಂದು ಮಡಿಚಿ ಜೇಬಿನಲ್ಲಿಡುವ ಚಾಕು ಹುಟ್ಟಿತು. ಈಗಂತೂ ಒಂದೇ ಹಿಡಿಕೆಯೊಳಗೆ ಅಲಗು, ಕತ್ತರಿ, ಗರಗಸ, ತಿರುಪುಳಿ, ಇಕ್ಕಳ, ದಬ್ಬಣ ಮುಂತಾಗಿ ಹತ್ತು, ಇಪ್ಪತ್ತು, ಮೂವತ್ತು ಉಪಕರಣಗಳನ್ನು ಅಡಗಿಸಿಕೊಂಡ ಚಾಕುಗಳು ಪೇಟೆಯಲ್ಲಿ ದೊರೆಯುವವು. ಇವುಗಳಲ್ಲಿ ಯಾವದನ್ನು ಕೊಳ್ಳಬೇಕೆಂಬದು ಸಣ್ಣ ಪ್ರಶ್ನೆಯಾಗಿ ಕಂಡರೂ, ಬೆಲೆ ಕೇಳಿದ ಬಳಿಕ ಅಷ್ಟು ಸಣ್ಣದಾಗಿ ಉಳಿಯುವದಿಲ್ಲ. ನನ್ನ ತಂಗಿಯ ಮಗನು ತನ್ನ ಸಂಬಳದಲ್ಲಿ ಒಂದು ದೊಡ್ಡ ಪಾಲನ್ನು ಇಂಥದೊಂದು ಚಾಕುವಿಗೆ ಸುರಿಯಬೇಕೆಂದು ನಿಶ್ಚಯಿಸಿ, ಕೊಳ್ಳುವ ಮುಂಚೆ ಪರೀಕ್ಷೆಗೆಂದು ಗೆಳೆಯನೊಬ್ಬನ ಚಾಕುವನ್ನು ಕಡ ತಂದಿದ್ದನು.

"ಮಾಮಾ, ಇದು ಮೂವತ್ಮೂರು ಕೆಲಸಾ ಮಾಡತೈತಿ!" ಎಂದು ಅವನು ಉತ್ಸಾಹದಿಂದ ಹೇಳಿದಾಗ, "ಅಷ್ಟು ಕೆಲಸಾ ನಿನಗ ಎಲ್ಲಿ ಅದಾವಪ್ಪಾ?" ಎಂದು ನಾನು ಕೇಳಿದೆನು. ಇದಕ್ಕೆ ಉತ್ತರವನ್ನು ಮನೆಯಲ್ಲಿ ಕುಳಿತು ಹುಡುಕುವದಕ್ಕಿಂತ ಹಾದಿಯಲ್ಲಿಯೇ ಹುಡುಕಬಹುದೆಂದು ತೋರಿತು. ಎಳ್ಳಮವಾಸ್ಯೆಯ ಮುನ್ನಾದಿನ ನಾವಿಬ್ಬರೂ ಅವನ ಮೋಟಾರು ಸೈಕಲ್ಲಿನ ಮೇಲೆ ವಿಜಯಪುರದಿಂದ ಹೊರಟೆವು. ಅವನ ಜೇಬಿನಲ್ಲಿ ಆ ಮೂವತ್ತಮೂರರ ಚಾಕು. ನನ್ನ ಜೇಬಿನಲ್ಲಿ ಬಹುಕಾಲದಿಂದ ಬಳಸಿದ, ಅಲಗು, ಕತ್ತರಿ, ದಬ್ಬಣ, ಡಬ್ಬಿ ತೆರೆಯುವ ಕೊಕ್ಕೆ ಇಷ್ಟೇ ಮುಖ್ಯವಾಗಿದ್ದ ಮೂರು ಪದರಿನ ಚಾಕು. ಅವನದರ ತೂಕ 185 ಗ್ರಾಂ. ನನ್ನದರದು 80 ಗ್ರಾಂನ ಆಚೀಚೆ. ಈ ವ್ಯತ್ಯಾಸ ಅಂಗಡಿಯಲ್ಲಿ ತಿಳಿಯುವದಿಲ್ಲ. ಅಂಗಿಯ ಜೇಬು ಜೋತುಬಿದ್ದಾಗ ತಿಳಿಯುವದು.

ವಿಜಯಪುರ ಜಿಲ್ಲೆಯನ್ನು (2014ರ ನವೆಂಬರದ ವರೆಗೆ ಇದರ ಸರಕಾರೀ ಹೆಸರು ಬಿಜಾಪುರ) ನಕಾಶೆಯಲ್ಲಿ ನೋಡಿದರೆ, ಉತ್ತರದ ಅಂಚಿಗೆ ಭೀಮಾ ನದಿಯೂ ದಕ್ಷಿಣದ ಕಡೆಗೆ ಕೃಷ್ಣೆಯೂ ನಡುವೆ ಡೋಣಿಯೂ ಹರಿದಿರುವದು ಕಾಣುವದು. ಇಂಡಿ, ಸಿಂದಗಿಗಳು ಭೀಮೆಯ ಮಗ್ಗುಲಿನವು. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಕೃಷ್ಣೆಯ ಮಗ್ಗುಲಿನವು. ಈಚೆಗೆ ಈ ಹಳೆಯ ತಾಲೂಕುಗಳ ಹೊಟ್ಟೆಯಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲೂಕುಗಳು ಹುಟ್ಟಿವೆ. ಆದರೆ ಎರೆಯ ಭೂಮಿಯು ಈ ಗೆರೆಗಳನ್ನು ಅರಿಯದು. ಎಲ್ಲೆಲ್ಲಿಯೂ ಅದೇ ಕಪ್ಪು ಮಣ್ಣು, ಅದೇ ಹಿಂಗಾರಿ ಜೋಳ, ಅದೇ ಜಾಲಿಯ ಮುಳ್ಳು.

ಇಂಡಿಯನ್ನು ಸಮೀಪಿಸುತ್ತಲೆ ಲಿಂಬೆಯ ತೋಟಗಳು ಕಣ್ಣಿಗೆ ಬೀಳುವವು. ಇಂಡಿಯ ಲಿಂಬೆಯ ಹೆಸರು ಈಗ ದೇಶಕ್ಕೇ ಗೊತ್ತು. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಬಂದಿತು. ಈ ಊರಿನ ಸಮೀಪದ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲಕ್ಕೆ, ಕ್ರಿ. ಶ. 945ರಲ್ಲಿ, ದೊಡ್ಡದೊಂದು ವಿದ್ಯಾಶಾಲೆಯಿದ್ದಿತೆಂಬದನ್ನು ಅಲ್ಲಿಯ ಕಂಬದ ಶಾಸನದಿಂದ ವಿದ್ವಾಂಸರು ಬಲ್ಲರು. ನಮಗೆ ಅಂದು ಪಾಠ ಹೇಳಿದ್ದು ಮಾತ್ರ ಲಿಂಬೆಯ ಹಣ್ಣೇ.

ತೋಟದ ಒಡೆಯರು ನಮಗೆ ಪಾನಕ ಮಾಡಿಕೊಡಲೆಂದು ತಮ್ಮ ಸೊಂಟದ ಚೂರಿಯಿಂದ ಹಣ್ಣುಗಳನ್ನು ಕೊಯ್ದರು. ಅದು ಊರ ಕಮ್ಮಾರನು ಹಳೆಯ ಲಾರಿಯ ಕಮಾನುಪಟ್ಟಿಯನ್ನು ಬಡಿದು ಮಾಡಿದ್ದು. ಅದರ ಹರಿತವನ್ನು ನೋಡಿ ನನ್ನ ಅಳಿಯನು ಬೆರಗಾದನು. ಆದರೆ ಅಲಗೆಲ್ಲ ಮಸಿ ಬಳಿದಂತೆ ಕಪ್ಪಾಗಿದ್ದಿತು. ಲಿಂಬೆಯ ಹುಳಿಯು ಸಾದಾ ಉಕ್ಕನ್ನು ಕಚ್ಚಿ ತಿನ್ನುವದು. ಕೊಯ್ದೊಡನೆ ಒರೆಸದಿದ್ದರೆ ಕಪ್ಪಿನ ಹಿಂದೆ ತುಕ್ಕೂ ಬರುವದು. ಉಕ್ಕಿನಲ್ಲಿ ಸಾಕಷ್ಟು ಕ್ರೋಮಿಯಂ ಬೆರೆತಿದ್ದರೆ ಮೇಲೆ ಕಾಣದಂಥ ತೆಳುವಾದ ಪೊರೆಯೊಂದು ಹುಟ್ಟಿ ಒಳಗಿನ ಲೋಹವನ್ನು ಕಾಯುವದು. ಅದೇ ನಾವು ತುಕ್ಕು ಹಿಡಿಯದ ಉಕ್ಕೆನ್ನುವದು. ಇದಕ್ಕೆ ನೂರಕ್ಕೆ ಹತ್ತೂವರೆ ಪಾಲಾದರೂ ಕ್ರೋಮಿಯಂ ಬೇಕು. ಚಾಕುವಿನ ಉಕ್ಕಿನಲ್ಲಿ ಸಾಮಾನ್ಯವಾಗಿ ಹದಿಮೂರರ ಮೇಲೆಯೇ ಇರುವದು. ಸಾದಾ ಉಕ್ಕು ಬೇಗ ಹರಿತವಾಗುವದು, ಆದರೆ ನಿತ್ಯವೂ ಆರೈಕೆ ಬೇಡುವದು. ತುಕ್ಕು ಹಿಡಿಯದ ಉಕ್ಕು ಮರೆಗುಳಿಯ ಗೆಳೆಯ. ಹೊಲದಲ್ಲಿಯೇ ಇರುವ ರೈತನಿಗೆ ಕಮ್ಮಾರನ ಚೂರಿ ಸರಿ. ಜೇಬಿನಲ್ಲಿ ಹಾಕಿ ಮರೆತುಬಿಡುವ ನಮ್ಮಂಥವರಿಗೆ ಎರಡನೆಯದು ಸರಿ. ಇದರಲ್ಲಿ ನನಗೆ ಸಂದೇಹವಿಲ್ಲ.

ಪೇಟೆಯಲ್ಲಿ ಈ ಉಕ್ಕನ್ನು ಪರೀಕ್ಷಿಸುವ ಒಂದು ತಪ್ಪು ಪದ್ಧತಿ ರೂಢಿಯಲ್ಲಿರುವದನ್ನು ಇಲ್ಲಿ ಹೇಳಬೇಕು. ಪಾತ್ರೆ ಕೊಳ್ಳುವಾಗ ಅಯಸ್ಕಾಂತವನ್ನು ಹಚ್ಚಿ ನೋಡಿ, ಅಂಟದಿದ್ದರೆ ಒಳ್ಳೆಯ ಸ್ಟೀಲೆನ್ನುವರು. ಪಾತ್ರೆಯ ಮಟ್ಟಿಗೆ ಅದು ನಡೆಯಬಹುದು. ಆದರೆ ಕಾಯಿಸಿ ತಣಿಸಿ ಗಡುಸಾಗಿ ಮಾಡುವ ಚಾಕುವಿನ ಉಕ್ಕು ಬೇರೆ ಜಾತಿಯದು. ಅದು ತುಕ್ಕು ಹಿಡಿಯದಿದ್ದರೂ ಅಯಸ್ಕಾಂತಕ್ಕೆ ಅಂಟಿಯೇ ಅಂಟುವದು. ಅಂಟದ ಅಲಗನ್ನು ಹೊಗಳಿ ಮಾರುವ ಅಂಗಡಿಕಾರನು ನಿಮಗೆ ಮೆತ್ತನೆಯ ತಗಡನ್ನು ಮಾರುತ್ತಿರುವನೆಂದು ತಿಳಿಯಿರಿ.

ಇಂಡಿಯಿಂದ ಸಿಂದಗಿಗೆ ಹೋಗುವ ಹಾದಿಯಲ್ಲಿ ಅಳಿಯನಿಗೆ ಈ ಚಾಕುಗಳ ಹುಟ್ಟಿನ ಕತೆಯನ್ನು ಹೇಳಿದೆನು. ಸ್ವಿಟ್ಜರ್ಲಂಡಿನ ಈಬಾಖ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ ಎಂಬವನು 1884ರಲ್ಲಿ ಚಾಕುವಿನ ಕಾರ್ಯಾಗಾರವನ್ನು ತೆರೆದನು. 1891ರಲ್ಲಿ ಅವನು ಆ ದೇಶದ ಸೈನ್ಯಕ್ಕೆ ಸಿಪಾಯಿಯ ಚಾಕುವನ್ನು ಒದಗಿಸಿದನು. ಅದರಲ್ಲಿ ಇದ್ದದ್ದು ನಾಲ್ಕೇ: ಒಂದು ಅಲಗು, ಒಂದು ದಬ್ಬಣ, ಡಬ್ಬಿ ತೆರೆಯುವ ಕೊಕ್ಕೆ, ಒಂದು ತಿರುಪುಳಿ. ಸಿಪಾಯಿಯು ಡಬ್ಬಿಯ ಆಹಾರ ತಿನ್ನಬೇಕು, ತನ್ನ ಬಂದೂಕನ್ನು ಬಿಚ್ಚಿ ಜೋಡಿಸಬೇಕು, ಆದಕಾರಣ ಅಷ್ಟೇ. 1897ರಲ್ಲಿ ಅಧಿಕಾರಿಗಳಿಗೆಂದು ಇನ್ನೊಂದು ಸಣ್ಣ ಅಲಗನ್ನೂ ಬಿರಡೆ ಕೀಳುವ ಸುರುಳಿಯನ್ನೂ ಸೇರಿಸಿದ ಹಗುರಾದ ಚಾಕು ಹೊರಬಂದಿತು. ಒಂದೇ ಕಮಾನು ಹಿಡಿಕೆಯ ಎರಡೂ ಮಗ್ಗುಲಿನ ಉಪಕರಣಗಳನ್ನು ಒತ್ತಿ ಹಿಡಿಯುವಂತೆ ಮಾಡಿದ್ದೇ ಅದರ ಜಾಣ್ಮೆ. 1909ರಲ್ಲಿ ತಾಯಿ ತೀರಿದ ಬಳಿಕ ಎಲ್ಸೆನರನು ಅವಳ ವಿಕ್ಟೋರಿಯಾ ಎಂಬ ಹೆಸರನ್ನೇ ತನ್ನ ಸರಕಿಗೆ ಇಟ್ಟನು. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ ಅದರ ಫ್ರೆಂಚ್ ಹೆಸರಾದ 'ಇನಾಕ್ಸ್' ಎಂಬದನ್ನು ಕೂಡಿಸಿ ವಿಕ್ಟೋರಿನಾಕ್ಸ್ ಎಂದಾಯಿತು. ಅಂದರೆ ಪ್ರತಿಯೊಂದು ಹಲ್ಲೂ ಒಂದೊಂದು ಅವಶ್ಯಕತೆಯಿಂದ ಹುಟ್ಟಿತು. ಆ ಅವಶ್ಯಕತೆಗಳು ಆಲ್ಪ್ಸ್ ಪರ್ವತದ ಸಿಪಾಯಿಯವು. ಎರೆಯ ಹೊಲದವು ಯಾವವೆಂಬದೇ ನಮ್ಮ ಪ್ರಶ್ನೆ.

ಮರುದಿನ ಎಳ್ಳಮವಾಸ್ಯೆ. ಸಿಂದಗಿಯ ಹತ್ತಿರ ನಮ್ಮ ಬಂಧುಗಳೊಬ್ಬರ ಹೊಲದಲ್ಲಿ ನಮ್ಮ ಬಿಡಾರ. ಬಯಲಿನಲ್ಲಿ ಡೇರೆ ಹೊಡೆದು ಉಣ್ಣುವದನ್ನು ಈಗಿನವರು ಹೊಸ ವಿನೋದವೆಂದು ತಿಳಿದಿರುವರು. ಈ ಕಡೆಯ ಮಂದಿ ತಲತಲಾಂತರದಿಂದ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಬರುತ್ತಿರುವರು. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಸಜ್ಜಿಯ ರೊಟ್ಟಿ, ಎಣ್ಣೆಗಾಯಿ, ಕಡಬು, ಶೇಂಗಾ ಹೋಳಿಗೆಗಳ ಬುತ್ತಿಯನ್ನು ಬಿಚ್ಚಿ ಉಣ್ಣುವರು. ಈ ಸಲ ಮುಂಚಿತವಾಗಿ ಹಾಲುಗಟ್ಟಿದ ತೆನೆಗಳಿದ್ದುದರಿಂದ ಕುಳ್ಳಿನ ಕೆಂಡದಲ್ಲಿ ಸೀತನಿಯನ್ನೂ ಸುಟ್ಟರು.

ಒಲೆ ಹೂಡುವಾಗ ಅಳಿಯನು ತನ್ನ ಚಾಕುವಿನ ಗರಗಸವನ್ನು ಬಿಚ್ಚಿ ಸೌದೆಗಾಗಿ ಸುತ್ತಲೂ ನೋಡಿದನು. ಅವನಿಗೆ ದೊರೆತದ್ದು ಹೋದ ವರ್ಷದ ತೊಗರಿಯ ಕಟ್ಟಿಗೆ. ಮೊಣಕಾಲಿಗೆ ಹಚ್ಚಿ ಮುರಿದರೆ ಮುರಿಯುವಂಥದು. ಉಳಿದದ್ದು ಕುಳ್ಳು. ಡೇರೆಯ ಪ್ರವಾಸದ ಪುಸ್ತಕಗಳನ್ನು ಬರೆದವರು ಕಾಡಿನ ದೇಶದವರು. ಈ ನಾಲ್ಕು ತಾಲೂಕುಗಳಲ್ಲಿ ಕಾಡೆಂಬದು ಹೆಸರಿಗೆ ಮಾತ್ರ. ಇಲ್ಲಿ ಗರಗಸವನ್ನು ಹೊತ್ತು ತಿರುಗುವವನು ಬಯಲಿನಲ್ಲಿ ದೋಣಿ ಹೊತ್ತವನಂತೆಯೇ ಸರಿ. ಮಲೆನಾಡಿಗೆ ಹೋಗುವವರು ಬೇಕಾದರೆ ಬೇರೆ ಎಣಿಕೆ ಹಾಕಲಿ.

ಆದರೆ ಹೊಲದಲ್ಲಿ ಮರವಿಲ್ಲದಿದ್ದರೂ ಮುಳ್ಳಿದೆ. ಊಟದ ಹೊತ್ತಿಗೆ ಮನೆಯ ಏಳು ವರ್ಷದ ಹುಡುಗಿಯು ಬದುವಿನ ಮೇಲೆ ಓಡಿಬರುವಾಗ ಜಾಲಿಯ ಮುಳ್ಳನ್ನು ತುಳಿದು ಅಲ್ಲಿಯೇ ಕುಳಿತಳು. ಮುಳ್ಳು ಹಿಮ್ಮಡದಲ್ಲಿ ಮುರಿದು ಒಳಗೇ ಉಳಿದಿದ್ದಿತು. ಜಾಲಿಯ ಮುಳ್ಳನ್ನು ಹಗುರಾಗಿ ಎಣಿಸಬಾರದು. ತುಣುಕು ಒಳಗುಳಿದರೆ ಕೀವುಗಟ್ಟಿ ಕಾಲು ಊರಲು ಬಾರದಂತೆ ಮಾಡುವದು. ಹುಡುಗಿಯ ಅಳುವನ್ನು ಕೇಳಿ ಹೆಂಗಸರೆಲ್ಲ ನೆರೆದರು. ಅಳಿಯನು ತನ್ನ ಚಾಕುವಿನ ಹಿಡಿಕೆಯ ತುದಿಯಲ್ಲಿ ಚಿಮಟವಿರುವದೆಂದು ಧೈರ್ಯ ಹೇಳಿ ಉಗುರಿನಿಂದ ಎಳೆಯಲು ಹೋದನು. ಅಲ್ಲಿ ಸಂದು ಮಾತ್ರ ಇದ್ದಿತು, ಚಿಮಟವಿರಲಿಲ್ಲ. ಅದರ ಒಡೆಯನು ಅದನ್ನು ಯಾವಾಗಲೋ ಕಳೆದುಕೊಂಡಿದ್ದನು. ಈ ಚಾಕುಗಳಲ್ಲಿ ಉಳಿದೆಲ್ಲವೂ ಕೀಲಿನಿಂದ ಬಂಧಿತವಾಗಿರುವವು. ಚಿಮಟವೂ ಹಲ್ಲುಕಡ್ಡಿಯೂ ಮಾತ್ರ ಸಡಿಲಾಗಿ ಸಂದಿನಲ್ಲಿ ಕುಳಿತಿರುವದರಿಂದ ಮೊದಲು ಕಳೆಯುವವೂ ಅವೇ.

ನಾನು ನನ್ನದನ್ನು ತೆಗೆಯುವಷ್ಟರಲ್ಲಿ, ಆಚೆಯ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಮುದುಕನೊಬ್ಬನು ಬಂದನು. ಅವನ ಉಡಿದಾರಕ್ಕೆ ಒಂದು ಕಬ್ಬಿಣದ ಬಳೆ. ಆ ಬಳೆಯಲ್ಲಿ ಪೋಣಿಸಿದ ಒಂದು ಚಿಮಟ, ಒಂದು ಮೊನಚಾದ ಸೂಜಿ, ಕಿವಿಯ ಗುಗ್ಗೆ ತೆಗೆಯುವ ಒಂದು ಕಡ್ಡಿ. ಅವನು ಕೆಂಡದಲ್ಲಿ ಸೂಜಿಯ ತುದಿಯನ್ನು ಕಾಯಿಸಿ ಆರಿಸಿ, ಮುಳ್ಳಿನ ಬಾಯಿಯ ಮೇಲಿನ ತೊಗಲನ್ನು ಎಷ್ಟು ಬೇಕೋ ಅಷ್ಟೇ ಬಿಡಿಸಿ, ಚಿಮಟದಿಂದ ಹಿಡಿದು, ಮುಳ್ಳು ಹೋದ ದಿಕ್ಕಿಗೇ ನೇರವಾಗಿ ಎಳೆದನು. ಅರ್ಧ ಅಂಗುಲದ ಕಪ್ಪು ತುಣುಕು ಹೊರಬಂದಿತು. ಹುಡುಗಿಯು ಅಳುವದನ್ನು ನಿಲ್ಲಿಸಿ ಅದನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸತೊಡಗಿದಳು. ಗಾಯವನ್ನು ಸಾಬೂನಿನ ನೀರಿನಿಂದ ತೊಳೆಸಿ, ಧನುರ್ವಾತದ ಚುಚ್ಚುಮದ್ದು ಆಗಿರುವದೋ ಎಂದು ಅವಳ ತಾಯಿಯನ್ನು ಕೇಳಿ ಖಾತ್ರಿ ಮಾಡಿಕೊಂಡೆವು. ಮುಳ್ಳು ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವದಿಲ್ಲ.

ಆಮೇಲೆ ಮುದುಕನು ಅಳಿಯನ ಚಾಕುವನ್ನು ಕೈಗೆ ತೆಗೆದುಕೊಂಡು ಒಂದೊಂದೇ ಹಲ್ಲನ್ನು ಬಿಚ್ಚಿ ನೋಡಿದನು. ಭೂತಗನ್ನಡಿಯ ವರೆಗೆ ಬಂದು ನಕ್ಕನು.

"ಇದರಾಗ ಎಲ್ಲಾ ಐತ್ರಿ ಸಾಹೇಬ್ರ, ಮುಳ್ಳ ಹಿಡಿಯೂದ ಒಂದ ಇಲ್ಲ ನೋಡ್ರಿ," ಎಂದನು.

"ನಿಮ್ಮದು ಎಷ್ಟು ವರ್ಷದ್ದು, ಕಾಕಾ?" ಎಂದು ಅಳಿಯನು ಕೇಳಿದನು.

"ನಮ್ಮಪ್ಪನ ಕಾಲದ್ದು. ಬಳಿ ಎರಡ ಸಲಾ ಸವದೈತಿ. ಚಿಮಟಾ ಅದ ಐತಿ."

ಕುರಿ, ಮುಳ್ಳು, ನಡಿಗೆ ಈ ಮೂರರಿಂದ ಆದ ಬದುಕಿಗೆ ಬೇಕಾದ ಮೂರು ಉಪಕರಣಗಳನ್ನು ಒಂದು ಬಳೆಗೆ ಪೋಣಿಸಿದ ಆ ಸಾಧನವು ಈ ನೆಲದ ಸ್ವಂತ ಜೇಬುಚಾಕುವೆಂದು ನನಗೆ ತೋರಿತು. ಜೇಬಿಲ್ಲದ ಕಾಲಕ್ಕೆ ಅದು ಉಡಿದಾರದಲ್ಲಿ ಇದ್ದಿತು, ಅಷ್ಟೇ. ಅಂದಿನಿಂದ ಯಾರಾದರೂ ಚಾಕುವನ್ನು ತೋರಿಸಿದರೆ ನಾನು ಮೊದಲು ಅಲಗನ್ನಲ್ಲ, ಚಿಮಟವನ್ನು ಎಳೆದು ನೋಡುವೆನು. ಅದರ ಎರಡು ತುದಿಗಳು ಬೆಳಕಿಗೆ ಹಿಡಿದರೆ ಸಂದಿಲ್ಲದಂತೆ ಕೂಡಬೇಕು. ಹುಬ್ಬಿನ ಒಂದು ಕೂದಲನ್ನು ಜಾರದೆ ಹಿಡಿಯಬೇಕು.

ಸಿಂದಗಿಯಿಂದ ದಕ್ಷಿಣಕ್ಕೆ ಇಳಿದು ತಾಳಿಕೋಟೆಗೆ ಬಂದೆವು. ಇದು ಈಚಿನ ವರೆಗೆ ಮುದ್ದೇಬಿಹಾಳ ತಾಲೂಕಿನಲ್ಲಿದ್ದ ಊರು. ಡೋಣಿಯು ಇಲ್ಲಿ ಹರಿಯುವದು. ಅದರ ನೀರು ಸವಳು, ಆದರೆ ದಂಡೆಯ ಮಣ್ಣು ಬಂಗಾರ. ಡೋಣಿ ಹರಿದ ವರ್ಷ ಓಣಿ ತುಂಬ ಜೋಳವೆಂದು ಈ ಕಡೆಯವರು ಹೇಳುವರು. 1565ರ ಜನವರಿಯಲ್ಲಿ ವಿಜಯನಗರದ ಸೈನ್ಯವೂ ದಖ್ಖನದ ಸುಲ್ತಾನರ ಸೈನ್ಯಗಳೂ ಹೋರಾಡಿದ ಯುದ್ಧಕ್ಕೆ ಈ ಊರಿನ ಹೆಸರೇ ನಿಂತಿದೆ. ರಕ್ಕಸಗಿ ತಂಗಡಗಿಗಳ ಹೆಸರಿನಿಂದಲೂ ಅದನ್ನು ಕರೆಯುವರು. ಅಲಗಿನಿಂದ ಒಂದು ಸಾಮ್ರಾಜ್ಯವೇ ಕುಸಿದ ಹೆಸರಿನ ಊರಿನಲ್ಲಿ ನಿಂತು, ಚಾಕುವು ಎಲ್ಲಿಗೆ ಉಪಕರಣವಾಗಿ ಮುಗಿದು ಎಲ್ಲಿಂದ ಆಯುಧವಾಗುವದೆಂದು ವಿಚಾರಿಸುವದು ಅಪ್ರಸ್ತುತವಾಗಲಾರದು.

1959ರ ಆಯುಧಗಳ ಅಧಿನಿಯಮದ ಕೆಳಗೆ ಮಾಡಿದ ನಿಯಮಗಳಲ್ಲಿ (ಈಗ ನಡೆಯುತ್ತಿರುವವು 2016ರವು) ಇದಕ್ಕೊಂದು ಅಳತೆಯಿದೆ. ಅಲಗು 9 ಅಂಗುಲಕ್ಕಿಂತ ಉದ್ದವಾಗಲಿ 2 ಅಂಗುಲಕ್ಕಿಂತ ಅಗಲವಾಗಲಿ ಇದ್ದರೆ ಅದು ಕತ್ತಿ, ಕಠಾರಿಗಳ ಪಂಕ್ತಿಗೆ ಸೇರುವದು. ಮನೆಗೆಲಸ, ಒಕ್ಕಲುತನ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವು ಮಾತ್ರ ಹೊರತು. ಜೇಬಿನ ಚಾಕುವಿನ ಅಲಗು ಎರಡೂವರೆ ಮೂರು ಅಂಗುಲದ್ದು. ಹಣ್ಣಿಗಾಗಲಿ ಹಗ್ಗಕ್ಕಾಗಲಿ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಆದರೂ ಅಳತೆಯೊಂದೇ ಎಲ್ಲವನ್ನೂ ತೀರಿಸುವದಿಲ್ಲ. ಜಾತ್ರೆ, ಸಭೆ, ಚುನಾವಣೆಯ ಗದ್ದಲಗಳಲ್ಲಿ ಪೋಲೀಸರು ಚೀಲ ಬಿಚ್ಚಿಸುವರು. ಅಲ್ಲಿ ಚಾಕುವಿಗೆ ಕೆಲಸವಿಲ್ಲ, ಮನೆಯಲ್ಲಿಯೇ ಇರಲಿ. ವಿಮಾನದಲ್ಲಂತೂ ಕೈಚೀಲದಲ್ಲಾಗಲಿ ಜೇಬಿನಲ್ಲಾಗಲಿ ಒಯ್ಯಗೊಡುವದಿಲ್ಲ, ಸರಕಿನೊಡನೆ ಒಪ್ಪಿಸುವ ಪೆಟ್ಟಿಗೆಯಲ್ಲಿಯೇ ಇಡಬೇಕು. ಗುಂಡಿ ಒತ್ತಿದರೆ ಚಟ್ಟನೆ ಹಾರಿ ಬಿಚ್ಚುವ ಚಾಕುಗಳ ಮೋಹ ಹುಡುಗರಿಗೆ ಬಹಳ. ಕೆಲಸದ ಚಾಕುವನ್ನು ಅಷ್ಟು ಅವಸರದಿಂದ ಬಿಚ್ಚಬೇಕಾದ ಪ್ರಸಂಗ ನನ್ನ ಅರಿವಿನಲ್ಲಿ ಒಂದೂ ಇಲ್ಲ.

ತಾಳಿಕೋಟೆಯಿಂದ ಮುದ್ದೇಬಿಹಾಳದ ಹಾದಿಯಲ್ಲಿ ಮೋಟಾರು ಸೈಕಲ್ಲಿನ ಕ್ಲಚ್ಚಿನ ತಂತಿ ಸಡಿಲಾಗಿ ಗಾಡಿ ನಿಂತಿತು. ಬಿಗಿಯುವ ಮರೆಯನ್ನು ತಿರುಗಿಸಬೇಕು. ಅಳಿಯನಿಗೆ ಸಂತೋಷವೇ ಆಯಿತು. ಕೊನೆಗೂ ಅವನ ಇಕ್ಕಳಕ್ಕೆ ಕೆಲಸ ಬಂದಿದ್ದಿತು. ಆದರೆ ಕಿರುಬೆರಳಿನಷ್ಟು ಬಾಯಿಯ ಆ ಇಕ್ಕಳವು ಮರೆಯ ಮೂಲೆಗಳ ಮೇಲೆ ಜಾರಿ ಜಾರಿ ಅವುಗಳನ್ನು ಸವೆಸಿತೇ ಹೊರತು ತಿರುಗಿಸಲಿಲ್ಲ. ಅರ್ಧ ತಾಸಿನ ಮೇಲೆ ಟ್ರ್ಯಾಕ್ಟರಿನವನೊಬ್ಬನು ನಿಲ್ಲಿಸಿ, ಆಸನದ ಕೆಳಗಿನಿಂದ ಎಣ್ಣೆ ಮೆತ್ತಿದ ಪಾನೆಯನ್ನು ತೆಗೆದು ಎರಡು ಸುತ್ತಿನಲ್ಲಿ ಬಿಗಿದುಕೊಟ್ಟನು.

ಇದೇ ಬಗೆಯ ತೊಂದರೆಯಿಂದಲೇ ಇನ್ನೊಂದು ಜಾತಿಯ ಉಪಕರಣವು ಹುಟ್ಟಿದೆ. ಅಮೇರಿಕೆಯ ಟಿಮ್ ಲೆದರ್‌ಮನ್ ಎಂಬವನು 1975ರಲ್ಲಿ ಹೆಂಡತಿಯೊಡನೆ ಹಳೆಯ ಮೋಟಾರಿನಲ್ಲಿ ಯುರೋಪದಲ್ಲಿ ಸಂಚರಿಸುವಾಗ, ಕೆಟ್ಟ ಗಾಡಿಯನ್ನೂ ಸೋರುವ ನಲ್ಲಿಗಳನ್ನೂ ತನ್ನ ಬಾಲವೀರರ ಚಾಕುವಿನಿಂದ ರಿಪೇರಿ ಮಾಡುತ್ತ ಪ್ರತಿಸಲವೂ ಒಂದು ಇಕ್ಕಳವಿದ್ದರೆ ಎಂದು ಹಲುಬಿದನಂತೆ. ಊರಿಗೆ ಮರಳಿ ವರ್ಷಗಟ್ಟಲೆ ದುಡಿದು, 1983ರಲ್ಲಿ ಇಕ್ಕಳವನ್ನೇ ಬೆನ್ನೆಲುಬಾಗಿ ಮಾಡಿ ಉಳಿದವನ್ನು ಅದರ ಹಿಡಿಕೆಗಳಲ್ಲಿ ಮಡಿಚಿದ ಸಾಧನವನ್ನು ಮಾರುಕಟ್ಟೆಗೆ ತಂದನು. ಅದು ನಿಜವಾಗಿ ಕೆಲಸದ ವಸ್ತು. ತಂತಿಯ ಬೇಲಿ, ಪಂಪುಸೆಟ್ಟು, ಯಂತ್ರಗಳ ನಡುವೆ ಬಾಳುವವರು ಸೊಂಟಕ್ಕೆ ಕಟ್ಟಿಕೊಂಡರೆ ಹಣ ಸಾರ್ಥಕ. ಆದರೆ ದೊಡ್ಡವುಗಳ ತೂಕ 240 ಗ್ರಾಂನ ಮೇಲೆಯೂ ಹೋಗುವದು. ಗಾಡಿಯುಳ್ಳವನು ಸಾದಾ ಇಕ್ಕಳವನ್ನೂ ಎರಡು ಪಾನೆಗಳನ್ನೂ ಗಾಡಿಯ ಪೆಟ್ಟಿಗೆಯಲ್ಲಿಯೇ ಇಟ್ಟರೆ ಅಲ್ಪ ಹಣದಲ್ಲಿ ಇದಕ್ಕಿಂತ ಬಲವಾದ ಹಿಡಿತ ದೊರೆಯುವದು. ಇಕ್ಕಳವು ಗಾಡಿಯ ಸಂಗಾತಿ. ಜೇಬಿಗೆ ಅದನ್ನು ಹೊರಿಸುವದು ನನ್ನ ಮತದಲ್ಲಿ ಅನ್ಯಾಯ.

ಮುದ್ದೇಬಿಹಾಳದಲ್ಲಿ ಇಳಿದುಕೊಂಡ ಮನೆಯ ಅಂಗಳಕ್ಕೆ ಈ ಸೀಮೆಯ ನುಣುಪಾದ ಫರಸಿಕಲ್ಲು ಹಾಸಿದ್ದರು. ಅಳಿಯನು ಅದರ ಮೇಲೆ ಅಲಗನ್ನು ತಿಕ್ಕತೊಡಗಿದನು. ಮನೆಯ ಹಿರಿಯರು ಅವನನ್ನು ತಡೆದು, ಬಚ್ಚಲ ಮನೆಯಿಂದ ಬಾದಾಮಿಯ ಕಡೆಯ ಕೆಂಪು ಮರಳುಗಲ್ಲಿನ ತುಂಡೊಂದನ್ನು ತಂದುಕೊಟ್ಟರು. ಅವರ ಅನುಭವಕ್ಕೆ ಕಾರಣವಿದೆ. ಫರಸಿಯು ಸುಣ್ಣದ ಕಲ್ಲು, ಉಕ್ಕಿಗಿಂತ ಮೆತ್ತಗಿನದು. ಅದು ಉಕ್ಕನ್ನು ಕೊರೆಯಲಾರದು. ಮರಳುಗಲ್ಲಿನ ಕಣಗಳು ಬೆಣಚುಕಲ್ಲಿನವು, ಉಕ್ಕಿಗಿಂತ ಗಡುಸು. ಸಾಣೆ ಹಿಡಿಯುವಾಗ ಅಲಗನ್ನು ಕಲ್ಲಿನಿಂದ ಸ್ವಲ್ಪವೇ ಎತ್ತಿ, ಅದೇ ಕೋನವನ್ನು ಕೊನೆಯ ವರೆಗೆ ಕಾಯ್ದು, ಎರಡೂ ಮಗ್ಗುಲಿಗೆ ಸಮನಾಗಿ ಎಳೆಯಬೇಕು. ಮೊಂಡ ಚಾಕುವು ಹರಿತವಾದದ್ದಕ್ಕಿಂತ ಅಪಾಯಕರ. ಅದಕ್ಕೆ ಬಲ ಹಾಕಬೇಕಾಗುವದು, ಬಲ ಹಾಕಿದ ಕೈಯೇ ಜಾರುವದು.

ಕೀಲಿಗೆ ಎಣ್ಣೆಯ ಮಾತೂ ಅಲ್ಲಿಯೇ ಬಂದಿತು. ಎರೆಯ ಧೂಳು ಕೀಲುಗಳಲ್ಲಿ ಕೂತರೆ ಚಾಕು ಬಿಚ್ಚಲು ಉಗುರು ಮುರಿಯುವದು. ಬಿಸಿನೀರಿನಲ್ಲಿ ಬಿಚ್ಚಿ ಮುಚ್ಚಿ ತೊಳೆದು, ಚೆನ್ನಾಗಿ ಒಣಗಿಸಿ, ಒಂದು ಹನಿ ಎಣ್ಣೆ ಬಿಡಬೇಕು. ನಮ್ಮ ಕಡೆಯ ಅಡಿಗೆಮನೆಯಲ್ಲಿ ಕೈಗೆ ಮೊದಲು ಸಿಗುವದು ಕುಸುಬೆಯ ಎಣ್ಣೆ. ಅದನ್ನು ಮಾತ್ರ ಹಾಕಬಾರದು. ಕುಸುಬೆಯ ಎಣ್ಣೆಯು ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ತಿಂಗಳಲ್ಲಿ ಕೀಲು ಸರಸು ಹಚ್ಚಿದಂತಾಗುವದು. ಹೊಲಿಗೆಯ ಯಂತ್ರದ ಎಣ್ಣೆ ಉತ್ತಮ.

ಮರುದಿನ ಕೃಷ್ಣೆಯ ದಂಡೆಯ ತಂಗಡಗಿಗೆ ಹೋಗಿ ನೀಲಮ್ಮನ ಗುಡಿಯನ್ನು ಕಂಡು, ಅಲ್ಲಿಂದ ಆಲಮಟ್ಟಿಗೆ ಬಂದೆವು. ಲಾಲ್ ಬಹಾದ್ದೂರ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲಿಟ್ಟ ಈ ಆಣೆಕಟ್ಟಿನ ಹಿನ್ನೀರು 519.60 ಮೀಟರ ಮಟ್ಟಕ್ಕೆ ನಿಂತಾಗ ಎರೆಯ ನಾಡಿನಲ್ಲಿ ಸಮುದ್ರವನ್ನು ಕಂಡಂತಾಗುವದು. ಆ ನೀರಿನ ಅಡಿಯಲ್ಲಿ ಎಷ್ಟೋ ಹಳ್ಳಿಗಳ ಹೊಲಮನೆಗಳಿವೆಯೆಂಬದನ್ನು ನೆನೆದಾಗ ಆ ನೋಟವು ಬೇರೆಯಾಗುವದು. ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ಮೀನುಗಾರನೊಬ್ಬನ ಹಗ್ಗದ ಗಂಟು ನೀರು ಕುಡಿದು ಕಲ್ಲಾಗಿದ್ದಿತು. ಅಳಿಯನು ತನ್ನ ಚಾಕುವಿನ ಬಿರಡೆ ಕೀಳುವ ಸುರುಳಿಯನ್ನು ಗಂಟಿನ ಒಳಗೆ ತೂರಿಸಿ ತಿರುವಿ ಎಳೆದನು. ಹಗ್ಗ ಕೊಯ್ಯದೆ ಗಂಟು ಬಿಚ್ಚಿತು. ದ್ರಾಕ್ಷಾರಸದ ಸೀಸೆಗೆಂದು ಮಾಡಿದ ಸುರುಳಿಯು ನಮ್ಮ ನಾಡಿನಲ್ಲಿ ಇಂಥದೊಂದು ಉಪಜೀವನವನ್ನು ಕಂಡುಕೊಳ್ಳಬಲ್ಲದೆಂದು ಆ ಸಲ ನಾನು ಒಪ್ಪಿಕೊಳ್ಳಬೇಕಾಯಿತು.

ಬಸವನ ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧ. ಶರಣರ ಪರಂಪರೆಯಲ್ಲಿ ಮೇದರ ಕೇತಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ ಎಂದು ಕಸುಬೇ ಹೆಸರಿನ ಮೊದಲ ಅರ್ಧವಾಗಿರುವದು. ಒಬ್ಬನ ಕೈಯಲ್ಲಿ ಬಿದಿರು ಸೀಳುವ ಕತ್ತಿ, ಇನ್ನೊಬ್ಬನ ಕೈಯಲ್ಲಿ ಹುಟ್ಟು, ಮತ್ತೊಬ್ಬನ ಕೈಯಲ್ಲಿ ತೊಗಲಿನ ಉಳಿ. ತನ್ನ ಕಾಯಕ ಯಾವದೆಂದು ತಿಳಿದವನಿಗೆ ಉಪಕರಣವನ್ನು ಆರಿಸುವದು ಕಷ್ಟವಾಗಿದ್ದಿರಲಾರದು.

ಅಲ್ಲಿ ನನ್ನ ಅತ್ತಿಗೆಯವರ ತವರುಮನೆ. ಕೊಲ್ಹಾರದ ಗಡಿಗೆ ಮೊಸರಿನೊಡನೆ ರೊಟ್ಟಿ ಉಂಡ ಬಳಿಕ, ಅತ್ತಿಗೆಯವರು ಎರಡೂ ಚಾಕುಗಳನ್ನು ತರಿಸಿ ಸೌತೆಕಾಯಿ ಹೆಚ್ಚಿ ನೋಡಿದರು. ಅವರು ಹೇಳಿದ ಮಾತು ಯಾವ ಪುಸ್ತಕದಲ್ಲಿಯೂ ನನಗೆ ದೊರೆತಿರಲಿಲ್ಲ. ಈಳಿಗೆಯಲ್ಲಿ ಅಲಗು ನಿಂತಿರುವದು, ಕಾಯಿ ಚಲಿಸುವದು. ಚಾಕುವಿನಲ್ಲಿ ಕಾಯಿ ನಿಂತಿರುವದು, ಅಲಗು ಚಲಿಸುವದು. ಈಳಿಗೆಗೆ ಪಳಗಿದ ಕೈ ಚಾಕುವನ್ನು ಹಿಡಿದಾಗ ಅರಿವಿಲ್ಲದೆ ಅಲಗನ್ನು ತನ್ನ ಕಡೆಗೇ ಎಳೆಯುವದು. ಆದ್ದರಿಂದ ಮನೆಯ ಹೆಣ್ಣುಮಕ್ಕಳಿಗಾಗಲಿ ಗಂಡುಮಕ್ಕಳಿಗಾಗಲಿ ಮೊದಲ ಚಾಕು ಕೊಟ್ಟಾಗ ಮೈಯಿಂದ ದೂರಕ್ಕೆ ಕೊಯ್ಯುವದನ್ನು ಕಲಿಸಬೇಕು. ಇನ್ನೊಬ್ಬರಿಗೆ ಕೊಡುವಾಗ ಮಡಿಚಿಯೇ ಕೊಡಬೇಕು. ದೊಡ್ಡ ಚಾಕುವು ಅವರ ಮುಷ್ಟಿಯಲ್ಲಿ ಇಟ್ಟಿಗೆಯಂತೆ ಕುಳಿತಿತು; ಹಿಡಿತ ಸಾಲಲಿಲ್ಲ. "ಇದನ್ನ ಗಂಡಸರ ಕೈಗೇ ಅಳೆದು ಮಾಡ್ಯಾರ," ಎಂದು ಹೇಳಿ ಕೆಳಗಿಟ್ಟುಬಿಟ್ಟರು. ಕೊಳ್ಳುವಾಗ ಬಳಸುವವರ ಕೈಯಲ್ಲಿಯೇ ಹಿಡಿಸಿ ನೋಡಬೇಕೆಂಬದು ಇದರಿಂದ ತಿಳಿಯತಕ್ಕದ್ದು.

ಇನ್ನೊಂದು ಸೂಚನೆ. ಸಾಮಾನ್ಯ ಜೇಬುಚಾಕುವಿನ ಅಲಗನ್ನು ಕಮಾನಿನ ಒತ್ತಡವೊಂದೇ ಬಿಚ್ಚಿ ಹಿಡಿದಿರುವದು. ಮೊನೆಯಿಂದ ಚುಚ್ಚಿದರೆ ಅಲಗು ಹಿಂದಕ್ಕೆ ಮಡಿಚಿ ಬೆರಳನ್ನು ಕಚ್ಚುವದು. ಚೀಲಕ್ಕೆ ತೂತು ಹಾಕುವದಕ್ಕೆ ದಬ್ಬಣವಿದೆ. ಗಟ್ಟಿಯಾಗಿ ಒತ್ತಿ ಕೊಯ್ಯುವ ಕೆಲಸ ಬಹಳವಿದ್ದವರು ಬೀಗದ ಕೀಲುಳ್ಳದ್ದನ್ನು ಕೊಳ್ಳಲಿ. ಅಂಗಡಿಯಲ್ಲಿ ಅಲಗನ್ನು ಬಿಚ್ಚಿ ಮಗ್ಗುಲಿಗೆ ಅಲುಗಿಸಿ ನೋಡಿರಿ, ಅಲುಗಬಾರದು. ಮುಚ್ಚುವಾಗ ಪಕ್ಕದ ತಗಡಿಗೆ ತಾಗದೆ ನಡುವೆ ಕೂರಬೇಕು. ಕತ್ತರಿಯು ಒದ್ದೆ ಬಟ್ಟೆಯ ಅಂಚನ್ನು ಅಗಿಯದೆ ಕತ್ತರಿಸಬೇಕು. ಇಷ್ಟರಲ್ಲಿ ಸೋತ ಚಾಕುವಿನಲ್ಲಿ ಇನ್ನೆಷ್ಟು ಹಲ್ಲುಗಳಿದ್ದರೂ ಹಣ ಬಿಚ್ಚಬೇಡಿರಿ.

ಅಳಿಯನು ಮೂವತ್ತಮೂರರ ಚಾಕುವನ್ನು ಗೆಳೆಯನಿಗೆ ಮರಳಿಸಿ, ಮೂರು ಪದರಿನದೊಂದನ್ನು ಕೊಂಡನು. ಉಳಿದ ಹಣದಲ್ಲಿ ಗಾಡಿಯ ಪೆಟ್ಟಿಗೆಗೆ ಇಕ್ಕಳವೂ ಪಾನೆಗಳೂ ಬಂದವು. ಬಾಗೇವಾಡಿಯ ಸಂತೆಯಲ್ಲಿ ಅವನು ಕಬ್ಬಿಣದ ಚಿಮಟವೊಂದನ್ನೂ ಸೂಜಿಯನ್ನೂ ಹುಡುಕಿ ತೆಗೆದುಕೊಂಡಿದ್ದನು. ಮನೆಗೆ ಬಂದ ದಿನವೇ ಅವನ ತಾಯಿಯು ಅವೆರಡನ್ನೂ ತನ್ನ ಕೀಲಿಕೈಯ ಗೊಂಚಲಿಗೆ ಪೋಣಿಸಿಕೊಂಡಳು.